ಆನೆ ನಡೆದರೂ ಬಗ್ಗದ ತಗಡು

ವಿಮೆ ಕಂಪನಿಯಲ್ಲಿ ಮೂವತ್ತು ವರ್ಷ ಸವೆದವನಿಗೆ ಆಕಾಶದಲ್ಲಿ ಮೋಡ ಕಟ್ಟಿದರೆ ಕವಿತೆ ಹೊಳೆಯುವುದಿಲ್ಲ. ಈಗ ಯಾರ ಮನೆಯ ತಗಡು ಹಾರುತ್ತದೋ, ನಾಳೆ ಬೆಳಿಗ್ಗೆ ಯಾರು ಅರ್ಜಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೋ ಎಂಬ ಯೋಚನೆ ಬರುತ್ತದೆ. ನಿವೃತ್ತನಾದ ಮೇಲೂ ಈ ಚಟ ಹೋಗಿಲ್ಲ. ಈಚೆಗೆ ನಮ್ಮ ಬಿಲ್ಡಿಂಗಿನವರೊಬ್ಬರ ಕೊಡೆ ಗಾಳಿಗೆ ತಿರುಚಿಕೊಂಡು ಮುರಿಯಿತು. ಸುತ್ತ ಇದ್ದವರೆಲ್ಲ ಅಯ್ಯೋ ಪಾಪ ಎಂದರು. ನಾನು, "ಕಡ್ಡಿಗೆ ಮೊದಲೇ ತುಕ್ಕು ಹಿಡಿದಿತ್ತೇ?" ಎಂದು ಕೇಳಿದೆ. ಅವರು ನನ್ನ ಜೊತೆ ಮಾತು ಬಿಟ್ಟು ಇವತ್ತಿಗೆ ಹನ್ನೊಂದು ದಿನ.

ಇಂಥವು ನನಗೆ ಆಗುತ್ತಲೇ ಬಂದಿವೆ. ಆದರೆ ಒಂದೇ ಒಂದು ಫೈಲಿನಲ್ಲಿ, ಒಬ್ಬರೇ ಒಬ್ಬ ಮನುಷ್ಯರಿಂದ, ಒಂದೂವರೆ ತಿಂಗಳಿನಲ್ಲಿ ಆದಷ್ಟು ಮತ್ತೆಲ್ಲೂ ಆಗಿಲ್ಲ. ಐವತ್ತರ ದಶಕದ ನಡುವಿನ ಮಾತು. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಬೊಂಬಾಯಿಗೆ ಬಂದು, ಫೋರ್ಟಿನ ಒಂದು ವಿಮೆ ಕಂಪನಿಯಲ್ಲಿ ನಷ್ಟ ಪರಿಶೀಲಿಸುವ ಇನ್‌ಸ್ಪೆಕ್ಟರ್ ಆಗಿದ್ದೆ. ವಡಾಲದಲ್ಲಿ ಒಂದು ಕೋಣೆ, ಹೊಸ ಹೆಂಡತಿ, ಹಳೇ ಕೋಟು. ನಮ್ಮ ಕಂಪನಿಯ ಪಾಲಿಸಿ ಪತ್ರ ವಿಲಾಯಿತಿಯಲ್ಲಿ ಅಚ್ಚಾದ ಮಾದರಿಯದು. ಅದರಲ್ಲಿ ಬೆಂಕಿ, ಬಿರುಗಾಳಿಗಳ ಜೊತೆಗೆ ಆಲಿಕಲ್ಲು ಎಂದೂ ಒಂದು ಮಾತಿತ್ತು. ಬೊಂಬಾಯಿಯಲ್ಲಿ ಆಲಿಕಲ್ಲು ಎಲ್ಲಿಂದ ಬರಬೇಕು ಎಂದು ಅದನ್ನು ಯಾರೂ ಹೊಡೆದುಹಾಕಿರಲಿಲ್ಲ.

ಒಂದು ಏಪ್ರಿಲ್ ಸಂಜೆ ಬೊಂಬಾಯಿಯ ಹೊರವಲಯದ ಭಾಂಡುಪ್‌ನ ಮೇಲೆ ಕಾಲು ಗಂಟೆ ಆಲಿಕಲ್ಲು ಬಿತ್ತು. ಕಾರ್ಖಾನೆಗಳ ನಡುವೆ, ಉಡುಪಿ ಕಡೆಯ ಯಜಮಾನರೊಬ್ಬರು ನಡೆಸುತ್ತಿದ್ದ ಹೋಟೆಲಿನ ಅಡುಗೆಮನೆಯ ತಗಡು ತೂತಾಯಿತು. ಅವರು ಕಳಿಸಿದ ಕಾಗದದಲ್ಲಿ ಒಂದೇ ಬೇಡಿಕೆ ಇತ್ತು: ಮಳೆಗಾಲ ಹಿಡಿಯುವ ಮೊದಲು ಹೊಸ ತಗಡು ಆಗಬೇಕು. ಜೂನ್ ಮೊದಲ ವಾರಕ್ಕೆ ಮಳೆ ಬರುತ್ತದೆ. ಒಲೆಗೆ ನೀರು ಬಿದ್ದರೆ ಹೋಟೆಲು ಮುಚ್ಚಬೇಕು, ಮುಚ್ಚಿದರೆ ನಾಲ್ಕು ತಿಂಗಳಲ್ಲಿ ಗಿರಾಕಿ ಎದುರಿನ ಇರಾನಿಯ ಚಹಾದಂಗಡಿಗೆ ಹೋಗುತ್ತಾನೆ. ಒಮ್ಮೆ ಇರಾನಿಯ ಗರಿಗರಿ ರೊಟ್ಟಿ ಬ್ರೂನ್ ಪಾವಿನ ರುಚಿ ಹತ್ತಿದವನು ಇಡ್ಲಿಗೆ ಮರಳುವುದಿಲ್ಲ ಎಂದು ಅವರ ನಂಬಿಕೆ.

ಸುಲಭದ ಕೆಲಸ ಎಂದುಕೊಂಡೆ. ಹೋಗುವುದು, ತೂತು ನೋಡುವುದು, ಬರೆಯುವುದು.

೧. ಅತಿಥಿ ಸತ್ಕಾರ

ಬರುವ ದಿನವನ್ನು ಮುಂಚೆಯೇ ಕಾರ್ಡು ಬರೆದು ತಿಳಿಸಬೇಕೆಂಬುದು ನಮ್ಮ ಆಫೀಸಿನ ಪದ್ಧತಿ. ತಿಳಿಸಿದೆ. ಕುರ್ಲಾದಲ್ಲಿ ಲೋಕಲ್ ಬದಲಿಸಿ ಭಾಂಡುಪ್‌ನಲ್ಲಿ ಇಳಿದಾಗ ಯಜಮಾನರು ಸ್ಟೇಷನ್ನಿಗೇ ಬಂದಿದ್ದರು. ಐವತ್ತು ದಾಟಿದ, ಬಿಳಿ ಪಂಚೆಯ, ಬಾಯಿ ತುಂಬ ಎಲೆ ಅಡಿಕೆಯ ಮನುಷ್ಯ. ದಾರಿಯುದ್ದಕ್ಕೂ ಆಲಿಕಲ್ಲಿನ ವರ್ಣನೆ. ನಿಂಬೆಹಣ್ಣಿನ ಗಾತ್ರದಿಂದ ಶುರುವಾದದ್ದು ಹೋಟೆಲು ಮುಟ್ಟುವ ಹೊತ್ತಿಗೆ ಎಳನೀರಿನ ಗಾತ್ರಕ್ಕೆ ಬೆಳೆದಿತ್ತು.

ಏಣಿ ಹತ್ತಿ ನೋಡಿದರೆ ತಗಡು ಹೊಳೆಯುತ್ತಿದೆ. ಕರ್ರಗೆ, ಮದುವೆಗೆ ನಿಂತ ಗಂಡಿನ ತಲೆಯ ಹಾಗೆ. ಒಂದು ತೂತಿಲ್ಲ, ಒಂದು ತಗ್ಗಿಲ್ಲ. ಮೂಗಿಗೆ ಡಾಂಬರಿನ ವಾಸನೆ ಹೊಡೆಯಿತು.

"ಯಜಮಾನರೇ, ಇದೇನು?"

"ಡಾಂಬರು. ಮೊನ್ನೆ ನಾಲ್ಕು ಜನ ಇಟ್ಟು ತೊಳೆಸಿ, ತೂತಿಗೆಲ್ಲ ಗೋಣಿ ತುರುಕಿ ಬಳಿಸಿದೆ."

"ಯಾಕೆ?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಎಂತ ಹೇಳ್ತೀರಿ ಮಾರಾಯ್ರೆ. ಫೋರ್ಟಿನಿಂದ ಇನ್‌ಸ್ಪೆಕ್ಟರು ಬರ್ತಾರೆ ಅಂದ ಮೇಲೆ ಹಾಗೇ ಇಡ್ಲಿಕ್ಕೆ ಆಗ್ತದಾ? ಮನೆಗೆ ಜನ ಬರುವಾಗ ಗುಡಿಸುದಿಲ್ವಾ?"

ನಾನು ನೋಡಲು ಬಂದದ್ದೇ ತೂತನ್ನು ಎಂದು ತಿಳಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು. ಎಲ್ಲ ಕೇಳಿ ಅವರು ಬೇಸರದಿಂದ ಅಂದರು, "ಮೊದ್ಲೇ ಕಾರ್ಡಿನಲ್ಲಿ ಬರೀಬೇಕಿತ್ತು, ಗಲೀಜಾಗಿಯೇ ಇಡಿ ಅಂತ."

೨. ಡಬ್ಬಿ

ನಮ್ಮ ಹೆಡ್ ಕ್ಲಾರ್ಕರು ಧಾರವಾಡ ಕಡೆಯವರು. ಬೊರಿವಲಿಯಿಂದ ಒಂದು ಗಂಟೆ ನಿಂತೇ ಬಂದು, ಆ ಸಿಟ್ಟನ್ನು ಫೈಲುಗಳ ಮೇಲೆ ಇಳಿಸುತ್ತಿದ್ದರು. ಅವರದೊಂದು ಶಾಸನವಿತ್ತು. ನಷ್ಟ ಪರಿಹಾರ ಕೇಳಿದವರಲ್ಲಿ ಇನ್‌ಸ್ಪೆಕ್ಟರ್ ಆದವನು ಒಂದು ಗುಟುಕು ನೀರೂ ಕುಡಿಯಕೂಡದು. "ಅವರ ಕಡೆ ಚಹಾ ಕುಡದ್ರ ಆ ಸಕ್ಕರಿ ಬಂದು ನಿಮ್ಮ ರಿಪೋರ್ಟಿನಾಗ ಬೀಳ್ತದ್ರೀ" ಎನ್ನುತ್ತಿದ್ದರು. ಮೊದಲ ದಿನ ಯಜಮಾನರು ಕೊಟ್ಟ ಕಾಫಿಯನ್ನು ನಾನು ಬೇಡವೆಂದಾಗ ಅವರ ಮುಖ ಸಣ್ಣಗಾಗಿತ್ತು. ಇಪ್ಪತ್ತೆರಡು ವರ್ಷದ ಹೋಟೆಲಿನಲ್ಲಿ ಕಾಫಿ ಬೇಡ ಎಂದ ಮೊದಲ ಪ್ರಾಣಿ ನಾನಂತೆ.

ಎರಡನೇ ಸಲ ಹೋದದ್ದು ಡಾಂಬರು ಕೆರೆಸಲು. ದಿನವಿಡೀ ಹಿಡಿಯುವ ಕೆಲಸ. ಅದಕ್ಕೇ ಹೆಂಡತಿ ಚಿತ್ರಾನ್ನದ ಡಬ್ಬಿ ಕಟ್ಟಿಕೊಟ್ಟಿದ್ದಳು. ಮಧ್ಯಾಹ್ನ ಹೋಟೆಲಿನ ಮೂಲೆಯ ಮೇಜಿಗೆ ಕೂತು ಡಬ್ಬಿ ಬಿಚ್ಚಿದೆ.

ಹೋಟೆಲಿನವರೆಲ್ಲ ತಿನ್ನುವುದು ಬಿಟ್ಟು ನನ್ನ ಕಡೆ ತಿರುಗಿದರು. ಕೋಟು ಹಾಕಿಕೊಂಡು, ಫೈಲು ಹಿಡಿದು, ಬೆಳಿಗ್ಗೆಯಿಂದ ಅಡುಗೆಮನೆಯ ಮೇಲೆ ಕೆಳಗೆ ತಪಾಸಣೆ ಮಾಡಿದ ಸರ್ಕಾರಿ ಕಳೆಯ ಮನುಷ್ಯ ಅದೇ ಅಡುಗೆಮನೆಯ ಊಟ ಬಿಟ್ಟು ಮನೆಯ ಡಬ್ಬಿ ತಿನ್ನುತ್ತಿದ್ದಾನೆ. ಕಾರ್ಖಾನೆಯ ಕೆಲಸಗಾರನೊಬ್ಬ ತನ್ನ ಸಾಂಬಾರನ್ನು ಮೂಸಿ ನೋಡಿ ಗಲ್ಲಾದ ಕಡೆ ತಿರುಗಿದ. "ಕ್ಯಾ ಸೇಠ್, ಕುಛ್ ಗಡ್ಬಡ್ ಹೈ ಕ್ಯಾ?"

ಇಬ್ಬರು ಎದ್ದು ಹೋದರು. ಒಬ್ಬ ದೋಸೆ ಹೇಳಿದ್ದವನು ಬರೀ ಬಾಳೆಹಣ್ಣು ಕೊಡಿ ಎಂದ.

ಯಜಮಾನರು ಗಲ್ಲಾ ಬಿಟ್ಟು ಓಡಿ ಬಂದು ನನ್ನ ಕಿವಿಯ ಹತ್ತಿರ ಬಗ್ಗಿದರು. "ಆಲಿಕಲ್ಲು ಬಿದ್ದದ್ದು ಸಾಕು, ಈಗ ನೀವೂ ಬೀಳ್ಬೇಡಿ ಮಾರಾಯ್ರೆ. ಒಂದೋ ನಮ್ಮ ಊಟ ಮಾಡಿ, ಇಲ್ದಿದ್ರೆ ಜನ ಕಾಣದ ಕಡೆ ಹೋಗಿ."

"ಜನ ಕಾಣದ ಕಡೆ ಎಲ್ಲಿದೆ ಇಲ್ಲಿ?"

ಅವರು ಮೇಲೆ ತೋರಿಸಿದರು.

ಹಾಗೆ ನಾನು ಏಪ್ರಿಲ್ ತಿಂಗಳ ಮಧ್ಯಾಹ್ನ ಒಂದೂವರೆ ಗಂಟೆಯ ಬಿಸಿಲಿನಲ್ಲಿ, ಕೋಟು ಹಾಸಿಕೊಂಡು, ತಗಡಿನ ಮೇಲೆ ಕೂತು ಊಟ ಮಾಡಿದೆ. ಹೆಂಡತಿ ಬೆಳಿಗ್ಗೆ ಒಮ್ಮೆ ಬೇಯಿಸಿ ಕಟ್ಟಿದ್ದ ಚಿತ್ರಾನ್ನ ಅಲ್ಲಿ ಇನ್ನೊಮ್ಮೆ ಬೆಂದಿತು. ನಾನೂ ಬೆಂದೆ.

೩. ಪುರಾವೆ

ಡಾಂಬರು ಕೆರೆದ ಮೇಲೆ ತೂತುಗಳು ಸಿಕ್ಕವು. ಮೊಳೆ ಹೊಡೆದ ಕಡೆಗಳಲ್ಲಿ ತಗಡು ಹರಿದಿತ್ತು, ಹರಿದ ಅಂಚು ಹೊಳೆಯುತ್ತಿತ್ತು. ಅಂಚು ಕೆಂಪಾಗಿದ್ದರೆ ಹಳೇ ತುಕ್ಕು, ಅದಕ್ಕೆ ಕಂಪನಿ ಕಾಸು ಬಿಚ್ಚುವುದಿಲ್ಲ. ಹೊಳೆಯುತ್ತಿದ್ದರೆ ಹೊಸ ಪೆಟ್ಟು. ಸಂತೋಷವಾಗಿ ರಿಪೋರ್ಟು ಬರೆದುಕೊಟ್ಟೆ.

ಹೆಡ್ ಕ್ಲಾರ್ಕರು ಅದನ್ನು ಕನ್ನಡಕದ ಮೇಲಿನಿಂದ ಓದಿದರು. "ಏನ್ರೀ ಮೈಸೂರವರ, ತೂತು ಬಿದ್ದದ್ದು ಖರೆ. ಆಲಿಕಲ್ಲೇ ಬಿತ್ತು ಅನ್ನೂದಕ್ಕ ಪುರಾವಿ ಏನದ? ಇಪ್ಪತ್ತು ವರ್ಷ ಆತು ಈ ಊರಿಗೆ ಬಂದು, ನಾ ಒಂದು ಆಲಿಕಲ್ಲು ಕಂಡಿಲ್ಲ. ಬೊರಿವಲಿಯಾಗ ಬೀಳಲಾರದ್ದು ಭಾಂಡುಪ್‌ನಾಗ ಹೆಂಗ ಬಿತ್ತು?"

ಪುರಾವೆ ಕೊಡಿ ಎಂದು ಕಾಗದ ಹೋಯಿತು. ಮೂರನೇ ದಿನ ಯಜಮಾನರು ಸ್ವತಃ ಆಫೀಸಿಗೆ ಬಂದರು. ಕೈಯಲ್ಲಿ ಹಿತ್ತಾಳೆಯ ಟಿಫಿನ್ ಡಬ್ಬಿ, ಸುತ್ತ ಗೋಣಿ, ಗೋಣಿಯೊಳಗೆ ಮರದ ಹೊಟ್ಟು. ಎದೆಯುಬ್ಬಿಸಿ ಅದನ್ನು ಹೆಡ್ ಕ್ಲಾರ್ಕರ ಮೇಜಿನ ಮೇಲಿಟ್ಟರು. ಹೋಟೆಲಿನ ಬರ್ಫದ ಪೆಟ್ಟಿಗೆಯಲ್ಲಿ ಅಂದಿನಿಂದ ಜೋಪಾನ ಮಾಡಿದ್ದ ಆಲಿಕಲ್ಲು ಅದರಲ್ಲಿದೆಯಂತೆ.

ಮುಚ್ಚಳ ತೆಗೆದರು. ನೀರು.

"ಇದು ನೀರ್ರೀ" ಎಂದರು ಹೆಡ್ ಕ್ಲಾರ್ಕರು.

"ಈಗ ನೀರು. ದಾದರ್ ತನಕ ಕಲ್ಲೇ ಇತ್ತು. ಪರೇಲಿನಲ್ಲಿ ಅಲ್ಲಾಡಿಸಿ ನೋಡಿದೆ, ಶಬ್ದ ಬರ್ತಾ ಇತ್ತು. ಮಸ್ಜಿದ್‌ನಲ್ಲಿ ಗಾಡಿ ಹತ್ತು ನಿಮಿಷ ನಿಂತ್ಕೊಂಡಿತು, ಅಲ್ಲೇ ಕೆಟ್ಟದ್ದು. ಕಂಪಾರ್ಟ್‌ಮೆಂಟಿನಲ್ಲಿ ಎಂಟು ಜನ ನೋಡಿದ್ದಾರೆ, ಬೇಕಾದ್ರೆ ಕೇಳಿ."

"ಆ ಎಂಟು ಮಂದಿ ಎಲ್ಲಿ ಅದಾರ?"

"ಅವರವರ ಕೆಲಸಕ್ಕೆ ಹೋದ್ರು."

ಹೆಡ್ ಕ್ಲಾರ್ಕರು ನಿಯಮ ಬಿಡುವವರಲ್ಲ. ತಂದದ್ದು ಪುರಾವೆಯೋ ಅಲ್ಲವೋ ಎಂಬುದು ಮ್ಯಾನೇಜರ್ ಸಾಹೇಬರು ತೀರ್ಮಾನಿಸುವ ವಿಷಯ, ಅಲ್ಲಿಯವರೆಗೆ ಅದು ಕಂಪನಿಯ ವಶದಲ್ಲಿರಬೇಕು. ರಸೀದಿ ಬರೆದರು: "ಟಿಫಿನ್ ಡಬ್ಬಿ ಒಂದು, ಅದರಲ್ಲಿ ಆಲಿಕಲ್ಲೆಂದು ಹೇಳಲಾದ ನೀರು." ಮೊಹರು ಒತ್ತಿದರು. ಯಜಮಾನರು ರಸೀದಿ ಮಡಚಿಕೊಂಡು ಹೋದರು. ಡಬ್ಬಿ ಮೇಜಿನ ಮೇಲೇ ಉಳಿಯಿತು.

ಮಧ್ಯಾಹ್ನ ಮೂರು ಗಂಟೆ. ಫ್ಯಾನು ನಿಂತಿತ್ತು. ಹೆಡ್ ಕ್ಲಾರ್ಕರು ಒಂದು ದೊಡ್ಡ ಲೆಕ್ಕದಲ್ಲಿ ಮುಳುಗಿದ್ದರು. ಕಣ್ಣು ಎತ್ತದೆ ಕೈ ಚಾಚಿ ಡಬ್ಬಿ ಎತ್ತಿ ಗಟಗಟನೆ ಕುಡಿದು ಕೆಳಗಿಟ್ಟರು. ಆಮೇಲೆ ಕಣ್ಣು ಎತ್ತಿದರು. ನಾನು ನೋಡುತ್ತಿದ್ದೆ.

ರಸೀದಿ ಯಜಮಾನರ ಜೇಬಿನಲ್ಲಿತ್ತು, ಪುರಾವೆ ಹೆಡ್ ಕ್ಲಾರ್ಕರ ಹೊಟ್ಟೆಯಲ್ಲಿತ್ತು. ಕೊನೆಗೆ ಅವರು ಫೈಲು ಎಳೆದುಕೊಂಡು, "ಆಲಿಕಲ್ಲು ಬಿದ್ದದ್ದು ಪರಿಶೀಲಿಸಿ ಖಚಿತಪಡಿಸಲಾಗಿದೆ" ಎಂದು ಬರೆದು ಸಹಿ ಹಾಕಿದರು.

"ಮತ್ತ, ಭಾಳ ತಣ್ಣಗಿತ್ರೀ" ಎಂದರು.

೪. ಆನೆ

ಇಷ್ಟಾದ ಮೇಲೆ ದಾರಿ ಸಲೀಸು ಎಂದುಕೊಂಡಿದ್ದೆ. ಮೇ ಎರಡನೇ ವಾರ ಹೆಡ್ ಕ್ಲಾರ್ಕರು ಹಳೇ ಕಪಾಟಿನಿಂದ ಯಜಮಾನರು ವಿಮೆ ಮಾಡಿಸುವಾಗ ತುಂಬಿದ್ದ ಫಾರಮ್ಮು ಹುಡುಕಿ ತೆಗೆದರು. ಸೂರಿನ ಬಾಳಿಕೆ ಹೇಗಿದೆ ಎಂಬ ಪ್ರಶ್ನೆಗೆ ಎಲ್ಲರೂ "ಚೆನ್ನಾಗಿದೆ" ಎಂದು ಬರೆಯುತ್ತಾರೆ. ಇವರು ಅಂಚಿನವರೆಗೂ ಬರೆದಿದ್ದರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ತಗಡು, ಇಂಥದ್ದು ಈಗ ಎಲ್ಲೂ ಸಿಗುವುದಿಲ್ಲ, ಮೇಲೆ ಆನೆ ನಡೆದರೂ ಬಗ್ಗುವುದಿಲ್ಲ, ಮೊಮ್ಮಕ್ಕಳ ಕಾಲಕ್ಕೂ ಹೀಗೇ ಇರುತ್ತದೆ.

"ಆನಿ ನಡದ್ರ ಬಗ್ಗಲಾರದ ತಗಡಿಗೆ ಆಲಿಕಲ್ಲು ತೂತು ಮಾಡ್ತದೇನ್ರೀ?" ಹೆಡ್ ಕ್ಲಾರ್ಕರು ಕೇಳಿದರು. "ಒಂದೋ ಆನಿ ಸುಳ್ಳು, ಇಲ್ಲಾ ಆಲಿಕಲ್ಲು ಸುಳ್ಳು. ಕೇಳಿಕೊಂಡು ಬರ್ರಿ."

ಆಲಿಕಲ್ಲು ಸುಳ್ಳಲ್ಲ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಭಾಂಡುಪ್‌ಗೆ ಹೋಗಿ ಯಜಮಾನರಿಗೆ ಹೇಳಿದೆ: "ನೀವು ಒಂದು ಸಾಲು ಬರೆದುಕೊಟ್ಟರೆ ಸಾಕು. ಆನೆಯ ಮಾತು ಸುಮ್ಮನೆ ಉತ್ಪ್ರೇಕ್ಷೆಗೆ ಬರೆದದ್ದು ಅಂತ."

"ಅದು ಆಗ್ಲಿಕ್ಕಿಲ್ಲ" ಎಂದರು.

"ಮಳೆಗೆ ಇನ್ನು ಮೂರು ವಾರ ಇದೆ, ಯಜಮಾನರೇ."

"ಮಳೆ ಬರ್ಲಿ. ನಾನು ಸುಳ್ಳು ಬರೆದವನಲ್ಲ. ನಿಮಗೆ ಸಂಶಯ ಉಂಟಾದ್ರೆ ಈಗಲೇ ತೋರಿಸ್ತೇನೆ."

ಆನೆ ಸಿಗಲಿಲ್ಲ. ಅಡುಗೆ ಭಟ್ಟರು ಸಿಕ್ಕರು. ಆ ಹೋಟೆಲಿನ ಅಡುಗೆ ಭಟ್ಟರನ್ನು ನೋಡಿದವರಿಗೆ ಆನೆಯ ಕೊರತೆ ಕಾಣುತ್ತಿರಲಿಲ್ಲ. ಬೇಡ ಧಣಿ, ಒಲೆಯ ಮೇಲೆ ಸಾಂಬಾರು ಉಂಟು ಎನ್ನುತ್ತಲೇ ಅವರು ಏಣಿ ಹತ್ತಿದರು. ಏಣಿ ನರಳಿತು. ತಗಡು ನರಳಲಿಲ್ಲ. ಭಟ್ಟರು ಈ ತುದಿಯಿಂದ ಆ ತುದಿಗೆ ನಡೆದರು, ತಿರುಗಿ ಬಂದರು, ಯಜಮಾನರು ಹೇಳಿದ್ದಕ್ಕೆ ನಡುವೆ ನಿಂತು ಎರಡು ಸಲ ಕುಪ್ಪಳಿಸಿದರು. ಒಂದು ಕೂದಲೆಳೆಯಷ್ಟೂ ಬಗ್ಗಲಿಲ್ಲ.

"ಕಂಡ್ರಾ?" ಯಜಮಾನರ ಕಣ್ಣಲ್ಲಿ ನೀರು ನಿಂತಿತ್ತು.

"ಕಂಡೆ. ನೀವು ಗೆದ್ದಿರಿ" ಎಂದೆ. "ಇದನ್ನೇ ನಾನು ಬರೆದರೆ ನಿಮಗೆ ಹೊಸ ತಗಡು ಬರುವುದಿಲ್ಲ. ಇಷ್ಟು ಗಟ್ಟಿಯ ತಗಡಿಗೆ ಪರಿಹಾರ ಯಾಕೆ ಕೊಡಬೇಕು?"

ಆಗ ಅವರಿಗೆ ಹೊಳೆಯಿತು. ಮುಖದ ಬಣ್ಣ ಇಳಿಯಿತು. ಅಷ್ಟರಲ್ಲಿ ಮೇಲಿನಿಂದ ಭಟ್ಟರ ಕೂಗು ಕೇಳಿತು. "ಧಣೀ, ಯಾರಾದ್ರೂ ಒಳಗೆ ಹೋಗಿ. ಸಾಂಬಾರು ಉಕ್ತಾ ಉಂಟು."

"ನಿಮಗೆ ಮೇಲೆ ಹೇಗೆ ಗೊತ್ತಾಯಿತು?" ನಾನು ಕೇಳಿದೆ.

"ಕಾಣ್ತಾ ಉಂಟಲ್ಲ. ಈ ಹರಕಿನಲ್ಲಿ ಒಲೆ ಪೂರಾ ಕಾಣ್ತದೆ. ಆ ಹರಕಿನಲ್ಲಿ ಚಟ್ನಿ ಸಹ ಕಾಣ್ತದೆ."

ಅಲ್ಲೇ ನಿಂತು ರಿಪೋರ್ಟು ಬರೆದೆ. "ತಗಡು ಬಗ್ಗುವುದಿಲ್ಲವೆಂಬುದು ನಿಜ. ಬಗ್ಗದೆ ಇದ್ದುದರಿಂದಲೇ ಗಾಳಿ ಮತ್ತು ಆಲಿಕಲ್ಲಿನ ಹೊಡೆತಕ್ಕೆ ಮೊಳೆಗಳ ಸುತ್ತ ಹರಿದಿದೆ. ಸೂರಿನ ಮೇಲೆ ನಿಂತು ನೋಡಿದರೆ ಒಲೆಯ ಮೇಲಿನ ಸಾಂಬಾರು ಸ್ಪಷ್ಟವಾಗಿ ಕಾಣುತ್ತದೆ." ಹೆಡ್ ಕ್ಲಾರ್ಕರು ಅದನ್ನು ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ ಹಾಕಿ ಕಳಿಸಿದರು: "ಯಾವ ಸಾಂಬಾರು?"

೫. ಸಾಹೇಬರ ಭೇಟಿ

ಕೊನೆಯ ಸಹಿ ಮ್ಯಾನೇಜರ್ ಸಾಹೇಬರದು. ಕಣ್ಣಾರೆ ನೋಡದೆ ಸಹಿ ಹಾಕುವುದಿಲ್ಲವೆಂದರು. ಅವರಿಗೆ ಬರುವುದು ಇಂಗ್ಲಿಷು, ಸ್ವಲ್ಪ ಹಿಂದುಸ್ತಾನಿ. ಹಿಂದಿನ ದಿನವೇ ನಾನು ಭಾಂಡುಪ್‌ಗೆ ಹೋಗಿ ಯಜಮಾನರನ್ನು ಕೂರಿಸಿ ಹೇಳಿದೆ. "ನಾಳೆ ಒಂದೇ ಒಂದು ಉಪಕಾರ ಮಾಡಿ. ತಗಡನ್ನು ಹೊಗಳಬೇಡಿ. ಅವರು ಏನು ಹೇಳಿದರೂ ತಲೆಯಾಡಿಸಿ."

"ಬಾಯಿ ಮುಚ್ಚಿ ಕೂತ್ಕೊಳ್ಳಿಕ್ಕೆ ನನಗೆ ಗೊತ್ತುಂಟು" ಎಂದರು. ನನಗೆ ನಂಬಿಕೆ ಬರಲಿಲ್ಲ. ಅವರಿಗೂ ಬಂದಿರಲಿಲ್ಲವೆಂದು ಕಾಣುತ್ತದೆ. ಮರುದಿನ ನಾವು ಹೋಗುವಷ್ಟರಲ್ಲಿ ಬಾಯಿಯಲ್ಲಿ ಜಾಗವೇ ಇಲ್ಲದಂತೆ ಎಲೆ, ಅಡಿಕೆ, ಹೊಗೆಸೊಪ್ಪು ತುಂಬಿಕೊಂಡು ನಿಂತಿದ್ದರು. ಕೈ ಮುಗಿದರು, ಅಷ್ಟೇ.

ಸಾಹೇಬರು ಟೊಪ್ಪಿ ತೆಗೆದು ಒಳಗೆ ನಿಂತು ಮೇಲೆ ನೋಡಿದರು. ತೂತುಗಳಿಂದ ಬಿಸಿಲಿನ ಕೋಲುಗಳು ಇಳಿದಿದ್ದವು. ಬೆತ್ತದಿಂದ ತಗಡನ್ನು ತಟ್ಟಿ, "ರದ್ದಿ ಮಾಲ್" ಎಂದರು.

ಯಜಮಾನರು ತಲೆಯಾಡಿಸಿದರು. ಕತ್ತಿನ ನರ ಉಬ್ಬಿತು.

"ಕಾಗದದ ಹಾಗಿದೆ. ಇದನ್ನು ಯಾರೋ ಇವನಿಗೆ ಕಟ್ಟಿ ಮೋಸ ಮಾಡಿದ್ದಾರೆ" ಎಂದು ಸಾಹೇಬರು ಇಂಗ್ಲಿಷಿನಲ್ಲಿ ನನಗೆ ಹೇಳಿ, ಯಜಮಾನರಿಗೂ ತಿಳಿಯಲೆಂದು ಹಿಂದುಸ್ತಾನಿಯಲ್ಲಿ ಇನ್ನೊಮ್ಮೆ ಹೇಳಿದರು.

ಯಜಮಾನರ ಕಣ್ಣು ಕೆಂಪಗಾಯಿತು. ಅವರು ಏನೋ ಹೇಳಲೇಬೇಕು. ಹೇಳಬೇಕಾದರೆ ಉಗುಳಬೇಕು. ಫೋರ್ಟಿನಿಂದ ಬಂದ ದೊಡ್ಡ ಮನುಷ್ಯರ ಎದುರು, ಅದೂ ಅಡುಗೆಮನೆಯಲ್ಲಿ ಉಗುಳುವುದುಂಟೇ? ನಾನು ಕಣ್ಣಲ್ಲೇ ಕೈ ಮುಗಿದೆ. ಅವರು ಒಂದು ಕ್ಷಣ ನನ್ನನ್ನು ನೋಡಿ, ಕಣ್ಣು ಮುಚ್ಚಿ, ಬಾಯಲ್ಲಿದ್ದುದನ್ನೆಲ್ಲ ಹೊಗೆಸೊಪ್ಪಿನ ಸಮೇತ ನುಂಗಿದರು.

ಮಾತಾಡಲು ಬಾಯಿ ತೆರೆದರು. ಮಾತು ಬರಲಿಲ್ಲ. ಹಣೆಯಲ್ಲಿ ಬೆವರು ಒಡೆಯಿತು, ಹಾಗೇ ಅಕ್ಕಿಯ ಮೂಟೆಯ ಮೇಲೆ ಕುಸಿದರು.

ಸಾಹೇಬರು ಗಾಬರಿಯಾದರು. ತಾವೇ ಬಗ್ಗಿ ಟೊಪ್ಪಿಯಿಂದ ಗಾಳಿ ಹಾಕಿದರು. "ಪಾಪ, ಸೂರು ಹೋದದ್ದಕ್ಕೆ ಎಷ್ಟು ಹಚ್ಚಿಕೊಂಡಿದ್ದಾನೆ. ಇಂಥ ಬಡಪಾಯಿಗಳನ್ನು ನಮ್ಮ ಆಫೀಸು ತಿಂಗಳುಗಟ್ಟಲೆ ಅಲೆದಾಡಿಸುತ್ತದೆ" ಎಂದು ನನ್ನನ್ನು ಬೈದು, ಅಲ್ಲೇ ಮೇಜಿನ ಮೇಲೆ ಫೈಲಿಟ್ಟು ಸಹಿ ಹಾಕಿದರು.

ಅವರು ಹೋದ ಮೇಲೆ ಮಜ್ಜಿಗೆ ಕುಡಿಸಿ ಯಜಮಾನರನ್ನು ಎಬ್ಬಿಸಿದೆವು. "ಸಹಿ ಆಯಿತು" ಎಂದೆ.

"ಆಗ್ಲಿ" ಎಂದರು ಕ್ಷೀಣ ಸ್ವರದಲ್ಲಿ. "ಆದ್ರೆ ಆ ಜನಕ್ಕೆ ತಗಡಿನ ವಿಷಯ ಏನೂ ಗೊತ್ತಿಲ್ಲ ಮಾರಾಯ್ರೆ. ಆ ಬುದ್ಧಿಯಲ್ಲಿ ಮ್ಯಾನೇಜರ್ ಹೇಗಾದ್ರು?"

೬. ಹರಾಜು

ಮೇ ಕೊನೆಗೆ ಚೆಕ್ಕು ಬಂತು, ಹೊಸ ತಗಡೂ ಬಂತು. ಬಿಳುಪಾಗಿ, ಹಗುರಾಗಿ, ನೋಡಲು ಅಂದವಾಗಿತ್ತು. ಹಳೆಯದನ್ನು ಇಳಿಸಿ ಅಂಗಳದಲ್ಲಿ ಒಟ್ಟಿದರು. ನನಗೆ ನಿಟ್ಟುಸಿರು.

ಆದರೆ ಪರಿಹಾರ ಕೊಟ್ಟ ಮೇಲೆ ಹಾಳಾದ ಮಾಲು ಕಂಪನಿಗೆ ಸೇರುತ್ತದೆ, ಅದನ್ನು ಹರಾಜು ಹಾಕಿ ಬಂದಷ್ಟು ಜಮಾ ಮಾಡಬೇಕೆಂಬುದು ನಿಯಮ. ಹೆಡ್ ಕ್ಲಾರ್ಕರು ತಾವೇ ಬಂದರು. ಕುರ್ಲಾದಿಂದ ಇಬ್ಬರು ಭಂಗಾರದವರೂ, ಎಂದರೆ ಗುಜರಿ ವ್ಯಾಪಾರಿಗಳೂ ಬಂದರು. ಸುತ್ತಿಗೆ ಇಲ್ಲದ್ದರಿಂದ ಹೆಡ್ ಕ್ಲಾರ್ಕರು ಹೋಟೆಲಿನ ಒಂದು ಸೌಟನ್ನು ಕೇಳಿ ತೆಗೆದುಕೊಂಡು ಸ್ಟೂಲಿನ ಮೇಲೆ ನಿಂತರು.

ಭಂಗಾರದವನೊಬ್ಬ ತಗಡನ್ನು ಕಾಲಿನಿಂದ ಒದ್ದ. "ಯೇ ತೋ ಪಾಪಡ್ ಹೈ" ಎಂದು ಅದನ್ನು ಹಪ್ಪಳಕ್ಕೆ ಹೋಲಿಸಿ ನಕ್ಕು, ಎರಡು ಗೋಣಿ ಇದ್ದಿಲಿಗೆ ಸಾಲದಷ್ಟು ಬೆಲೆ ಹೇಳಿದ. ಸೌಟು ಮೇಲೇರಿತು. ಅದು ಇಳಿದಿದ್ದರೆ ಈ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

"ಪಾಪಡ್?" ಯಜಮಾನರು ಗಲ್ಲಾದಿಂದ ಎದ್ದು ಬಂದರು. ಬಾಯಿ ಅವತ್ತು ಖಾಲಿ ಇತ್ತು.

ಮುಂದಿನ ಹತ್ತು ನಿಮಿಷ ಅವರ ಹಿಂದಿಯಲ್ಲಿ ಆ ತಗಡಿನ ಪುರಾಣ ಕೇಳಬೇಕಿತ್ತು. ಮಿಲಿಟರಿಯ ಮಾಲು. ಹೊಡೆದರೆ ಘಂಟೆಯ ಸದ್ದು. ಮೊಳೆಯ ಸುತ್ತ ಕತ್ತರಿಸಿದರೆ ಉಳಿದದ್ದು ಹೊಸದಕ್ಕಿಂತ ಹೊಸದು. ಭಟ್ಟರನ್ನು ಕರೆಸಿ ತಗಡಿನ ಮೇಲೆ ನಿಲ್ಲಿಸಿದರು. ಭಂಗಾರದವರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಬಗ್ಗಿ ಬೆರಳಿನಿಂದ ತಟ್ಟಿ ನೋಡಿ ಬೆಲೆ ಎರಡು ಪಟ್ಟು ಮಾಡಿದ. ಇನ್ನೊಬ್ಬ ಅದಕ್ಕಿಂತ ಏರಿಸಿದ. "ವಾಹ್, ಚೀಜ್ ತೋ ಅಸಲೀ ಹೈ" ಎಂದ.

ಆ ಮಾತು ಕೇಳಿದ್ದೇ ಯಜಮಾನರ ಮುಖ ಬದಲಾಯಿತು. ಮಗಳನ್ನು ನೋಡಲು ಬಂದವರು ಒಪ್ಪಿಕೊಂಡ ಕ್ಷಣದಲ್ಲಿ ತಂದೆಗೆ ಆಗುವ ಹಾಗೆ. ಕೈ ಎತ್ತಿ ತಾವೂ ಒಂದು ಬೆಲೆ ಕೂಗಿದರು.

ನಾನು ಅವರ ತೋಳು ಹಿಡಿದು ಎಳೆದೆ. ಅವರು ಕೊಡವಿಕೊಂಡರು. ಭಂಗಾರದವರು ಬಿಡಲಿಲ್ಲ, ಯಜಮಾನನೇ ಇಷ್ಟು ಕೂಗುತ್ತಾನೆಂದರೆ ಮಾಲು ಎಂಥದ್ದಿರಬೇಕು. ಹೆಡ್ ಕ್ಲಾರ್ಕರ ಹುರುಪು ಏರಿತು, ಸೌಟು ಗಾಳಿಯಲ್ಲಿ ಕುಣಿಯಿತು. ಅದು ಕೊನೆಗೆ ಇಳಿದಾಗ ತಗಡು ಯಜಮಾನರದೇ ಆಗಿತ್ತು, ಮತ್ತು ಬಂದಿದ್ದ ಪರಿಹಾರದ ಹಣ ಹೆಚ್ಚು ಕಡಿಮೆ ಪೂರ್ತಿ ಕಂಪನಿಗೆ ಮರಳಿತ್ತು.

"ಏನು ಮಾಡಿಬಿಟ್ಟಿರಿ?" ಎಂದೆ.

ಅವರು ತಗಡಿನ ರಾಶಿಯ ಮೇಲೆ ಕೂತು ಪಂಚೆಯ ತುದಿಯಿಂದ ಮುಖ ಒರೆಸಿಕೊಂಡರು. "ಅವರು ಬೈಯುವಾಗ ಸುಮ್ಮನೆ ಕೂತ್ಕೊಳ್ಳಿಕ್ಕೆ ಆಗ್ಲಿಲ್ಲ. ಹೊಗಳುವಾಗ ಕೊಡ್ಲಿಕ್ಕೆ ಆಗ್ಲಿಲ್ಲ."

ಹೆಡ್ ಕ್ಲಾರ್ಕರು ಹಿಂತಿರುಗುವಾಗ ಲೋಕಲ್‌ನಲ್ಲಿ ತುಂಬ ಖುಷಿಯಾಗಿದ್ದರು. "ಇಂಥಾ ನಾಕು ಮಂದಿ ಸಿಕ್ಕರ ಕಂಪನಿಗೆ ನಷ್ಟ ಅನ್ನೂದು ಇರೂದಿಲ್ಲ ನೋಡ್ರೀ" ಎಂದರು.

೭. ಏಳು ತಟ್ಟೆ

ಜೂನ್ ಮೊದಲ ವಾರ ಮಳೆ ಹಿಡಿಯಿತು. ಫೈಲು ಮುಚ್ಚಿ, ದಾರ ಕಟ್ಟಿ, ಕಪಾಟು ಸೇರಿತ್ತು. ಆದರೂ ಭಾನುವಾರ ಮನಸ್ಸು ತಡೆಯಲಿಲ್ಲ, ಕೊಡೆ ಹಿಡಿದು ಭಾಂಡುಪ್‌ಗೆ ಹೋದೆ. ಈಗ ಕಾಫಿ ಕುಡಿಯಲು ಯಾವ ಶಾಸನದ ಅಡ್ಡಿಯೂ ಇರಲಿಲ್ಲ.

ಹೋಟೆಲು ತುಂಬಿತ್ತು. ಅಡುಗೆಮನೆಯಲ್ಲಿ ಒಲೆ ಉರಿಯುತ್ತಿತ್ತು, ಒಂದು ಹನಿ ಸೋರುತ್ತಿರಲಿಲ್ಲ. ಎದುರಿನ ಇರಾನಿಯ ಕುರ್ಚಿಗಳು ಖಾಲಿ. ಯಜಮಾನರು ನನ್ನ ಎರಡೂ ಕೈ ಹಿಡಿದುಕೊಂಡು ಒಳಗೆ ಕರೆದೊಯ್ದು ಕೂರಿಸಿದರು.

"ಫೈಲು ಮುಚ್ಚಿತಲ್ಲ?"

"ಮುಚ್ಚಿತು."

"ಈಗ ತಿನ್ಲಿಕ್ಕೆ ಆಗ್ತದಲ್ಲ?"

"ಧಾರಾಳವಾಗಿ."

ಅವರು ಅಡುಗೆಮನೆಯ ಕಡೆ ಕೈ ಬೀಸಿದರು. ಭಟ್ಟರು ಒಂದೊಂದಾಗಿ ತಂದಿಟ್ಟರು. ಇಡ್ಲಿ, ವಡೆ, ಬನ್ಸು, ಗೋಳಿಬಜೆ, ಉಪ್ಪಿಟ್ಟು, ಶಿರಾ, ಕೊನೆಗೆ ಮೇಜಿನ ಆಚೆ ಈಚೆ ಚಾಚಿದ ಒಂದು ದೋಸೆ. ಏಳು ತಟ್ಟೆ. ಅಳತೆಗೆಂದು, ಸಹಿಗೆಂದು ಹೋದದ್ದೂ ಸೇರಿ ನಾನು ಏಳು ಸಲ ಅಲ್ಲಿಂದ ಬರೀ ಹೊಟ್ಟೆಯಲ್ಲಿ ಮರಳಿದ್ದೆನಂತೆ. ಒಂದೊಂದು ಸಲಕ್ಕೆ ಒಂದು ತಟ್ಟೆ.

ದೋಸೆ ಮುರಿಯುತ್ತಾ ಕೇಳಿದೆ, "ಹೊಸ ತಗಡು ಚೆನ್ನಾಗಿದೆಯಲ್ಲ, ಯಜಮಾನರೇ? ಇಷ್ಟು ಮಳೆಯಲ್ಲೂ ಸದ್ದೇ ಇಲ್ಲ."

"ಸದ್ದು ಹೇಗೆ ಬರ್ತದೆ? ಮೇಲೆ ಹಳೇದು ಉಂಟಲ್ಲ."

"ಎಲ್ಲಿ?"

"ಹೊಸದರ ಮೇಲೆ. ಹೊಸದು ತೆಳು ಮಾರಾಯ್ರೆ, ಇನ್ನೊಂದು ಆಲಿಕಲ್ಲು ಬಿದ್ರೆ ಉಳಿಯುದಿಲ್ಲ. ಅದಕ್ಕೆ ಹಳೇ ತಗಡು ಪೂರಾ ಮೇಲೆ ಹೊದಿಸಿದೆ. ಹೊಸದಕ್ಕೆ ಒಂದು ರಕ್ಷಣೆ."

ಒಂದೂವರೆ ತಿಂಗಳು, ಒಂದು ಡಬ್ಬಿ ನೀರು, ಒಬ್ಬ ಮ್ಯಾನೇಜರು, ಒಂದು ಹರಾಜು ಎಲ್ಲ ಕಣ್ಣ ಮುಂದೆ ಹಾದುಹೋದವು. ಸದ್ಯ, ಸೋರುತ್ತಿಲ್ಲ ಎಂದು ಸಮಾಧಾನ ಮಾಡಿಕೊಂಡು ದೋಸೆಯ ತುಂಡನ್ನು ಚಟ್ನಿಗೆ ಅದ್ದಿ ಬಾಯಿಯ ಹತ್ತಿರ ತಂದೆ.

ಯಜಮಾನರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದರು.

"ಒಂದು ವಿಷಯ ಕೇಳ್ಬೇಕಿತ್ತು. ಹಳೇದನ್ನು ಮೇಲೆ ಏರಿಸುವಾಗ ಭಟ್ರ ಕೈ ಜಾರಿ ನಾಲ್ಕು ತಗಡು ಹೊಸದರ ಮೇಲೆ ಬಿತ್ತು. ಹಳೇದಕ್ಕೆ ಒಂದು ಗೀರು ಸಹ ಆಗ್ಲಿಲ್ಲ, ನಾನು ಹೇಳಿದ್ದಲ್ವಾ ನಿಮಗೆ? ಹೊಸದು ಮಾತ್ರ ಮೂರು ಕಡೆ ತಗ್ಗಾಗಿದೆ." ಅವರು ಜೇಬಿನಿಂದ ನೀಟಾಗಿ ಮಡಚಿದ ಒಂದು ಕಾಗದ ತೆಗೆದು ನನ್ನ ತಟ್ಟೆಯ ಪಕ್ಕದಲ್ಲಿಟ್ಟರು. "ಅರ್ಜಿ ಬರೆದಿಟ್ಟಿದ್ದೇನೆ. ತಗೊಳ್ಳಿ."

ನಾನು ದೋಸೆಯ ತುಂಡನ್ನು ತಟ್ಟೆಗೆ ಇಳಿಸಿ, ಕೈ ತೊಳೆಯಲು ಎದ್ದೆ.